ಶಾಯಿಯ ಗೆರೆ, ಸರಪಳಿಯ ಲೆಕ್ಕ

2024ರ ಲೋಕಸಭಾ ಚುನಾವಣೆಯಲ್ಲಿ ಹೊಸೂರಿನ ಮತದಾರರ ಎಡಗೈ ತೋರುಬೆರಳಿಗೆ ಶಾಯಿ ಬಿದ್ದದ್ದು ಏಪ್ರಿಲ್ 19ರಂದು. ಜೂಜುವಾಡಿಯ ಗಡಿ ದಾಟಿದೊಡನೆ ಸಿಗುವ ಅತ್ತಿಬೆಲೆಯ ಜನ, ಆನೇಕಲ್ ವಿಧಾನಸಭಾ ಕ್ಷೇತ್ರದವರು, ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಮತ ಹಾಕಿದ್ದು ಏಪ್ರಿಲ್ 26ರಂದು. ನಡುವೆ ಒಂದು ವಾರದ ಅಂತರ. ಗಡಿಯ ಎರಡೂ ಮಗ್ಗುಲಲ್ಲಿ ಮನೆ, ಹೊಲ, ನೆಂಟಸ್ತಿಕೆ, ನೌಕರಿ ಹಂಚಿಕೊಂಡಿರುವ ಈ ಸೀಮೆಯಲ್ಲಿ, ಒಬ್ಬನೇ ಮನುಷ್ಯ ಎರಡು ರಾಜ್ಯಗಳಲ್ಲಿ ಎರಡು ಬಾರಿ ಮತ ಹಾಕದಂತೆ ಆ ವಾರ ಕಾವಲು ನಿಂತದ್ದು ಕಂಪ್ಯೂಟರಲ್ಲ, ಮೈಸೂರಿನಿಂದ ಬಂದ ಒಂದು ಪುಟ್ಟ ಸೀಸೆಯ ಶಾಯಿ.

ಆ ಶಾಯಿಯ ಊರು ಕನ್ನಡಿಗರಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ಇಂದಿನವರೆಗೆ ದೇಶಕ್ಕೆಲ್ಲ ಅದನ್ನು ತಯಾರಿಸಿಕೊಡುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಬೆರೆತು ಬೆಳಕಿಗೆ ಕಪ್ಪಾಗುತ್ತದೆ. ಉಗುರು ಬೆಳೆದು ಕತ್ತರಿಸಿಹೋಗುವವರೆಗೂ ಗುರುತು ಉಳಿಯುತ್ತದೆ. ಈ ಗೆರೆಯ ಹೆಚ್ಚುಗಾರಿಕೆ ಅದರ ಬಾಳಿಕೆಯಲ್ಲಷ್ಟೇ ಇಲ್ಲ. ‘ಈತ ಮತ ಹಾಕಿದ್ದಾನೆ’ ಎಂಬುದನ್ನು ಅದು ಊರಿಗೆಲ್ಲ ಸಾರುತ್ತದೆ. ‘ಯಾರಿಗೆ ಹಾಕಿದ’ ಎಂಬುದರ ಬಗ್ಗೆ ಒಂದಕ್ಷರವನ್ನೂ ಆಡುವುದಿಲ್ಲ. ಮತದಾನವನ್ನು ಭದ್ರಗೊಳಿಸಲು ಬಂದಿರುವ ಹೊಸ ತಂತ್ರಜ್ಞಾನಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗಲಾರದು.

ಹೊಸ ತಂತ್ರಜ್ಞಾನಗಳಲ್ಲಿ ಈಗ ಹೆಚ್ಚು ಕೇಳಿಬರುತ್ತಿರುವ ಹೆಸರು ಬ್ಲಾಕ್‌ಚೈನ್. ಹೆಸರು ಅಬ್ಬರದ್ದಾದರೂ ಒಳಗಿನ ವಿಚಾರ ಸರಳ. ಒಂದು ಲೆಕ್ಕದ ಪುಸ್ತಕವಿದೆ ಎಂದಿಟ್ಟುಕೊಳ್ಳೋಣ. ಅದರ ಪ್ರತಿಯೊಂದು ಪುಟದ ತಲೆಯ ಮೇಲೆ ಹಿಂದಿನ ಪುಟದ ‘ಬೆರಳಚ್ಚು’ ಇರುತ್ತದೆ. ಗಣಿತದ ಸೂತ್ರವೊಂದರಿಂದ ತೆಗೆದ ಈ ಅಚ್ಚಿಗೆ ಹ್ಯಾಶ್ ಎನ್ನುತ್ತಾರೆ. ಹಿಂದಿನ ಪುಟದಲ್ಲಿ ಒಂದು ಅಂಕಿ ತಿದ್ದಿದರೂ ಅದರ ಅಚ್ಚು ಪೂರ್ತಿ ಬದಲಾಗಿ, ಮುಂದಿನ ಪುಟದೊಡನೆ ತಾಳೆ ತಪ್ಪುತ್ತದೆ. ಜೊತೆಗೆ ಪುಸ್ತಕದ ಪ್ರತಿಗಳು ಪರಸ್ಪರ ನಂಬಿಕೆಯಿಲ್ಲದ ಹಲವರ ಕೈಯಲ್ಲಿ ಇರುತ್ತವೆ. ಶಾನುಭೋಗನೊಬ್ಬ ತನ್ನ ಮನೆಯಲ್ಲಿ ಕುಳಿತು ಕಡತ ತಿದ್ದಿದರೆ, ಊರಿನ ಉಳಿದ ಮನೆಗಳಲ್ಲಿರುವ ಪ್ರತಿಗಳು ಸಾಕ್ಷಿ ಹೇಳುತ್ತವೆ. ಸತೋಶಿ ನಕಮೊಟೊ ಎಂಬ ಗುಪ್ತನಾಮದ ವ್ಯಕ್ತಿ 2008ರಲ್ಲಿ ಇದನ್ನು ಬಿಟ್‌ಕಾಯಿನ್‌ಗಾಗಿ ರೂಪಿಸಿದಾಗ ಬಿಡಿಸಬೇಕಾಗಿದ್ದ ಒಗಟು, ಒಂದೇ ನಾಣ್ಯವನ್ನು ಎರಡು ಕಡೆ ಖರ್ಚು ಮಾಡದಂತೆ ತಡೆಯುವುದು. ಹೊಸೂರಿನಲ್ಲೂ ಅತ್ತಿಬೆಲೆಯಲ್ಲೂ ಮತ ಹಾಕದಂತೆ ತಡೆಯುವ ಒಗಟಿಗೆ ಅದು ಬಲು ಹತ್ತಿರದ ದಾಯಾದಿ. ಆದ್ದರಿಂದ ನಾಣ್ಯಕ್ಕೆ ಒದಗಿದ ಸರಪಳಿ ಮತಕ್ಕೂ ಒದಗೀತೆಂದು ಜಾಣರಿಗೆ ತೋಚಿದ್ದು ಸಹಜವೇ.

ಭಾರತದಲ್ಲಿ ಇದು ಬರಿಯ ಊಹೆಯಾಗಿ ಉಳಿಯಲಿಲ್ಲ. 2020ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗವು ಮದ್ರಾಸ್ ಐಐಟಿಯ ಜೊತೆಗೂಡಿ ಬ್ಲಾಕ್‌ಚೈನ್ ಆಧಾರಿತ ದೂರಮತದಾನದ ವ್ಯವಸ್ಥೆಯೊಂದನ್ನು ರೂಪಿಸುತ್ತಿರುವುದಾಗಿ ತಿಳಿಸಿತು. ಮನೆಯಲ್ಲಿ ಕುಳಿತು ಮತ ಹಾಕುವ ಯೋಜನೆ ಅದಾಗಿರಲಿಲ್ಲ. ಮತದಾರನು ತಾನಿರುವ ಊರಿನ ನಿಗದಿತ ಕೇಂದ್ರಕ್ಕೆ ಹೋಗಬೇಕು, ಅಲ್ಲಿ ಬೆರಳಚ್ಚು ಮತ್ತು ಕ್ಯಾಮೆರಾಗಳ ಮೂಲಕ ಗುರುತು ದೃಢಪಡಬೇಕು, ಅನಂತರ ದೂರದ ತನ್ನ ಸ್ವಕ್ಷೇತ್ರಕ್ಕೆ ಮತ ಹಾಕಬೇಕು ಎಂಬುದು ಅದರ ಸಾರ.

ಹೊಸೂರು, ಕೃಷ್ಣಗಿರಿಗಳಿಗೆ ಇದು ಚೆನ್ನೈಯಲ್ಲೋ ದೆಹಲಿಯಲ್ಲೋ ನಡೆದ ದೂರದ ಮಾತೆಂದು ತೋರಬಾರದು. ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಂದಿನಿಂದ ಹೊಸೂರು ವಲಸೆಯ ಊರು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್‌ಗಳ ಹಿಂದೆ ಬಂದವರು ಇಲ್ಲೇ ಬೇರುಬಿಟ್ಟರು. ಅವರ ನಂತರ ಬಂದ ಕಾರ್ಖಾನೆಗಳಿಗೆ ಒಡಿಶಾ, ಬಿಹಾರ, ಜಾರ್ಖಂಡ್‌ಗಳ ಯುವಕ ಯುವತಿಯರು ಈಗ ಬರುತ್ತಿದ್ದಾರೆ. ಇತ್ತ ಡೆಂಕಣಿಕೋಟೆ, ತಳಿ, ಅಂಚೆಟ್ಟಿಗಳ ಹಳ್ಳಿಯವರು ಬೆಂಗಳೂರಿನ ಕೆಲಸಕ್ಕೆ ಹೋಗಿ ಅಲ್ಲಿಯೇ ಬಾಡಿಗೆ ಮನೆ ಹಿಡಿಯುತ್ತಾರೆ. ಚುನಾವಣೆ ಬಂದಾಗ ಬಂದವರಿಗೂ ಹೋದವರಿಗೂ ಎದುರಾಗುವ ಪ್ರಶ್ನೆ ಒಂದೇ: ಒಂದು ಮತಕ್ಕಾಗಿ ಎಷ್ಟು ದಿನದ ಕೂಲಿ ಬಿಡಬೇಕು? ಬೆಂಗಳೂರಿಗೆ ಹೋದವರು ಸಂಜೆಯ ಬಸ್ಸು ಹಿಡಿದಾದರೂ ಬರುತ್ತಾರೆ. ಒಡಿಶಾದವನಿಗೆ ಆ ಭಾಗ್ಯವಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 30 ಕೋಟಿ ಮತದಾರರು ಮತಗಟ್ಟೆಗೆ ಬರಲಿಲ್ಲವೆಂಬ ಲೆಕ್ಕವನ್ನು ಮುಂದಿಟ್ಟುಕೊಂಡೇ ಆಯೋಗ ದೂರಮತದಾನದ ಮಾತೆತ್ತಿದ್ದು.

ಆದರೆ 2022ರ ಡಿಸೆಂಬರ್ 29ರಂದು ಆಯೋಗವು ತನ್ನ ದೂರಮತಯಂತ್ರದ ಮಾದರಿಯನ್ನು ಪ್ರಕಟಿಸಿದಾಗ, ಅದರಲ್ಲಿ ಸರಪಳಿ ಇರಲಿಲ್ಲ. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ಪಡೆಯಬಲ್ಲ ಆ ಯಂತ್ರ ಯಾವ ಜಾಲಕ್ಕೂ ಸೇರದ, ಒಂಟಿಯಾಗಿ ನಿಲ್ಲುವ ಪೆಟ್ಟಿಗೆ. ಈಗಿನ ಮತಯಂತ್ರದ ಒಡಹುಟ್ಟು. ರಾಜಕೀಯ ಪಕ್ಷಗಳ ಮುಂದೆ 2023ರ ಜನವರಿ 16ರಂದು ಅದರ ಪ್ರದರ್ಶನಕ್ಕೆ ಸಿದ್ಧತೆ ನಡೆದಿತ್ತು. ಹಲವು ಪಕ್ಷಗಳ ವಿರೋಧದಿಂದ ಅದೂ ಮುಂದೆ ಹೋಯಿತು. ಜಾಲದ ಸಹವಾಸವೇ ಬೇಡವೆಂಬ ಈ ಹಿಂಜರಿಕೆಯನ್ನು ಹಳೆಯ ಕಾಲದವರ ಅಂಜಿಕೆಯೆಂದು ತಳ್ಳಿಹಾಕುವ ಮುನ್ನ ಬೇರೆಡೆ ನಡೆದದ್ದನ್ನು ನೋಡಬೇಕು.

ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯವು 2018ರಲ್ಲಿ ವಿದೇಶಗಳಲ್ಲಿದ್ದ ತನ್ನ ಸೈನಿಕರಿಗೂ ನಾಗರಿಕರಿಗೂ ವೋಟ್ಸ್ ಎಂಬ ಮೊಬೈಲ್ ಆ್ಯಪ್ ಮೂಲಕ ಮತ ಹಾಕಲು ಅವಕಾಶ ಕೊಟ್ಟಿತು. ಹಿಂದೆ ಬ್ಲಾಕ್‌ಚೈನ್ ಇತ್ತು. 2020ರ ಫೆಬ್ರುವರಿಯಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಆ ಆ್ಯಪ್ ಅನ್ನು ಬಿಚ್ಚಿ ನೋಡಿ, ಫೋನಿನೊಳಗೆ ನುಸುಳಿದವನು ಮತವನ್ನು ತಿರುಚಬಹುದು, ತಡೆಯಬಹುದು, ಬಯಲಿಗೂ ಎಳೆಯಬಹುದು ಎಂದು ತೋರಿಸಿದರು. ರಾಜ್ಯ ಅದನ್ನು ಕೈಬಿಟ್ಟಿತು. 2019ರ ಮಾಸ್ಕೋ ನಗರಸಭೆಯ ಚುನಾವಣೆಗೆ ಸಿದ್ಧಪಡಿಸಿದ್ದ ಬ್ಲಾಕ್‌ಚೈನ್ ವ್ಯವಸ್ಥೆಯ ಗೂಢಲಿಪಿಯನ್ನು ಪಿಯರಿಕ್ ಗೋದ್ರಿ ಎಂಬ ಫ್ರೆಂಚ್ ಗಣಕಶಾಸ್ತ್ರಜ್ಞ ಸಾಮಾನ್ಯ ಕಂಪ್ಯೂಟರಿನಲ್ಲಿ ಸುಮಾರು 20 ನಿಮಿಷಗಳಲ್ಲಿ ಒಡೆದ. ಸಿಯೆರಾ ಲಿಯೋನ್ ದೇಶದ 2018ರ ಚುನಾವಣೆಯನ್ನು ಜಗತ್ತಿನ ಮೊದಲ ಬ್ಲಾಕ್‌ಚೈನ್ ಚುನಾವಣೆಯೆಂದು ಪತ್ರಿಕೆಗಳು ಕೊಂಡಾಡಿದ್ದೂ ಉಂಟು. ಅಲ್ಲಿಯ ಚುನಾವಣಾ ಆಯೋಗವು ತಾನು ಅಂಥದ್ದನ್ನು ಬಳಸಿಯೇ ಇಲ್ಲವೆಂದಿತು. ಕಂಪನಿಯೊಂದು ಕೆಲವು ಮತಗಟ್ಟೆಗಳ ಕಾಗದದ ಮತಗಳ ಎಣಿಕೆಯನ್ನು ವೀಕ್ಷಕನಾಗಿ ತನ್ನ ಪುಸ್ತಕಕ್ಕೆ ಬರೆದುಕೊಂಡಿತ್ತು, ಅಷ್ಟೆ.

ಇವುಗಳಲ್ಲಿ ಎಲ್ಲಿಯೂ ಸರಪಳಿ ತುಂಡಾಗಲಿಲ್ಲ ಎಂಬುದನ್ನು ಗಮನಿಸಬೇಕು. ಬಿರುಕು ಕಂಡದ್ದು ಸರಪಳಿಯ ಆಚೆ: ಮತದಾರನ ಫೋನಿನಲ್ಲಿ, ಗೂಢಲಿಪಿಯ ಕೀಲಿಯಲ್ಲಿ. ಪುಸ್ತಕಕ್ಕೆ ಬಿದ್ದ ಬರಹವನ್ನು ಅಳಿಸದಂತೆ ಬ್ಲಾಕ್‌ಚೈನ್ ಕಾಯುತ್ತದೆ. ಬಿದ್ದ ಬರಹ ಸತ್ಯವೇ ಎಂದು ವಿಚಾರಿಸುವುದು ಅದರ ಕೆಲಸವಲ್ಲ. ಸುಳ್ಳು ಬಿದ್ದರೆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಆಧುನಿಕ ಗೂಢಲಿಪಿಶಾಸ್ತ್ರದ ಪಿತಾಮಹರಲ್ಲಿ ಒಬ್ಬರಾದ ರೊನಾಲ್ಡ್ ರಿವೆಸ್ಟ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅಂತರ್ಜಾಲದ ಮತದಾನಕ್ಕೆ ಬ್ಲಾಕ್‌ಚೈನ್ ಸೇರಿಸುವುದು ಕೆಟ್ಟದ್ದನ್ನು ಇನ್ನೂ ಕೆಡಿಸಿದಂತೆ ಎಂದು ವಾದಿಸಿದ್ದಾರೆ. ಇದನ್ನು ಹೇಳಿದವರು ತಂತ್ರಜ್ಞಾನದ ವಿರೋಧಿಗಳೇನಲ್ಲ.

ನಮ್ಮಲ್ಲಿಯೂ ಪ್ರಯೋಗ ನಿಂತಿಲ್ಲ. 2021ರ ಅಕ್ಟೋಬರಿನಲ್ಲಿ ತೆಲಂಗಾಣದ ಖಮ್ಮಂನಲ್ಲಿ ಮೊಬೈಲ್ ಮತದಾನದ ಅಣಕು ಪರೀಕ್ಷೆ ನಡೆಯಿತು. 2025ರ ಜೂನ್ 28ರಂದು ಬಿಹಾರದ ಕೆಲವು ಪಟ್ಟಣಗಳ ಸ್ಥಳೀಯ ಚುನಾವಣೆಯಲ್ಲಿ ವೃದ್ಧರು, ಅಂಗವಿಕಲರು, ಗರ್ಭಿಣಿಯರು, ವಲಸಿಗರು ನಿಜವಾಗಿಯೇ ಫೋನಿನಿಂದ ಮತ ಹಾಕಿದರು. ಹಾಸಿಗೆ ಹಿಡಿದ ಮುದುಕಿಗೆ ಅದರಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ತಮಿಳುನಾಡಿನ ಚುನಾವಣೆಗಳನ್ನು ಕಂಡವರಿಗೆ ಒಂದು ಶಂಕೆ ಏಳದೆ ಇರದು. ಕೃಷ್ಣಗಿರಿಯ ನೆರೆಯ ವೇಲೂರು ಕ್ಷೇತ್ರದ ಲೋಕಸಭಾ ಚುನಾವಣೆಯನ್ನು 2019ರ ಏಪ್ರಿಲ್‌ನಲ್ಲಿ, ಭಾರಿ ಹಣ ಸಿಕ್ಕಿಬಿದ್ದುದರಿಂದ, ರದ್ದುಪಡಿಸಬೇಕಾಯಿತು. ಮತದಾನ ನಡೆದದ್ದು ಆಗಸ್ಟ್ 5ರಂದು. ಅದಕ್ಕೂ ಮೊದಲು, 2016ರಲ್ಲಿ ಅರವಕುರಿಚಿ, ತಂಜಾವೂರುಗಳಲ್ಲಿ, 2017ರಲ್ಲಿ ಚೆನ್ನೈಯ ಆರ್.ಕೆ. ನಗರದಲ್ಲಿ ಇದೇ ಆಗಿತ್ತು. ದುಡ್ಡು ಕೊಟ್ಟವನಿಗೆ ಇಂದು ಇರುವ ದೊಡ್ಡ ತೊಡಕು ಮತಗಟ್ಟೆಯ ಆ ರಟ್ಟಿನ ಮರೆ. ಅದರ ಹಿಂದೆ ಹೋದವರು ಯಾವ ಗುಂಡಿ ಒತ್ತಿದರೆಂದು ತಿಳಿಯುವ ದಾರಿ ಅವನಿಗಿಲ್ಲ. ದುಡ್ಡು ತೆಗೆದುಕೊಂಡೂ ಮನಸ್ಸಿಗೆ ಬಂದವರಿಗೆ ಮತ ಹಾಕಿ ಬರುವ ಹೆಂಗಸರ ಧೈರ್ಯಕ್ಕೆ ಆ ಮರೆಯೇ ಆಸರೆ. ಮತವು ಮನೆಯ ಜಗುಲಿಯ ಮೇಲೆ ಫೋನಿನಲ್ಲಿ ಬೀಳುವುದಾದರೆ, ದುಡ್ಡು ಕೊಟ್ಟವನು ಪಕ್ಕದಲ್ಲೇ ಕುಳಿತು ನೋಡಬಹುದು. ಗಂಡನೂ ನೋಡಬಹುದು, ಮೇಸ್ತ್ರಿಯೂ ನೋಡಬಹುದು.

ನಂಬಿಕೆಯಿಲ್ಲದವರೆಲ್ಲರ ಕೈಗೂ ಒಂದೊಂದು ಪ್ರತಿ ಕೊಡುವುದು ಬ್ಲಾಕ್‌ಚೈನಿನ ಜೀವಾಳವಷ್ಟೆ. ಅದು ಈಗಾಗಲೇ ಮತಗಟ್ಟೆಯಲ್ಲಿ ನಡೆಯುತ್ತಿದೆ, ಕಾಗದದ ಮೇಲೆ. ಮತದಾನ ಮುಗಿದ ಸಂಜೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ನಮೂನೆ 17ಸಿ ಎಂಬ ಹಾಳೆಯಲ್ಲಿ ಯಂತ್ರದ ಸಂಖ್ಯೆಯನ್ನೂ ಬಿದ್ದ ಒಟ್ಟು ಮತಗಳನ್ನೂ ಬರೆದು ಸಹಿ ಮಾಡಿ, ಅಲ್ಲಿರುವ ಪ್ರತಿಯೊಂದು ಪಕ್ಷದ ಏಜೆಂಟರಿಗೂ ಒಂದೊಂದು ಪ್ರತಿ ಕೊಡಬೇಕು. ಎಣಿಕೆಯ ದಿನ ಮೊಹರು ಒಡೆಯುವ ಮುನ್ನ ಆ ಅಂಕಿ ತಾಳೆಯಾಗಬೇಕು. ಬೆಳಗ್ಗೆ ಮತದಾನಕ್ಕೆ ಮೊದಲು ಏಜೆಂಟರ ಕಣ್ಣೆದುರೇ ಕನಿಷ್ಠ 50 ಅಣಕು ಮತಗಳನ್ನು ಹಾಕಿ, ಎಣಿಸಿ ತೋರಿಸಿ, ಅಳಿಸಬೇಕು. ಪಾಠಶಾಲೆಯ ಕೋಣೆಯಲ್ಲಿ ಮುಂಜಾನೆ ಚಹಾ ಕುಡಿಯುತ್ತ ಈ ಕೆಲಸ ನೋಡುವ ಏಜೆಂಟನಿಗೆ ಗಣಿತದ ಪದವಿ ಬೇಕಿಲ್ಲ. ಆತ ಹೊತ್ತಿಗೆ ಸರಿಯಾಗಿ ಬಂದು ಕಣ್ಣು ತೆರೆದು ಕುಳಿತಿದ್ದರೆ ಸಾಕು.

ಇದರ ಬೆಲೆ ತಿಳಿಯುವುದು ಅಂತರ ಕಡಿಮೆಯಾದಾಗ. 2021ರ ವಿಧಾನಸಭಾ ಚುನಾವಣೆಯಲ್ಲಿ ಕೃಷ್ಣಗಿರಿ ಕ್ಷೇತ್ರದಲ್ಲಿ ಅಣ್ಣಾ ಡಿಎಂಕೆಯ ಕೆ. ಅಶೋಕ್ ಕುಮಾರ್ ಡಿಎಂಕೆಯ ಟಿ. ಸೆಂಗುಟ್ಟುವನ್ ಅವರನ್ನು ಸೋಲಿಸಿದ್ದು 794 ಮತಗಳಿಂದ. ಒಂದೇ ಒಂದು ಮತಗಟ್ಟೆಯಲ್ಲಿ ಬೀಳುವಷ್ಟು ಮತ ಅದು. ಇಂಥ ಫಲಿತಾಂಶದಲ್ಲಿ ಸೋತವರ ಕಡೆಯವರನ್ನು ಒಪ್ಪಿಸುವುದು ಯಾವುದು ಎಂಬುದೇ ನಿಜವಾದ ಪರೀಕ್ಷೆ, ಏಕೆಂದರೆ ಗೆದ್ದವರಿಗೆ ಎಲ್ಲ ವ್ಯವಸ್ಥೆಯೂ ಒಪ್ಪಿಗೆಯೇ. ‘ಗೂಢಲಿಪಿ ಗಟ್ಟಿಯಾಗಿದೆ, ನಂಬಿ’ ಎಂದರೆ ನಂಬಿಯಾರೆ? ಕಾಗದದ ಚೀಟಿ ಬೇಕೆಂಬ ಬೇಡಿಕೆ ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಅದು ಮುಕ್ತ ಚುನಾವಣೆಗೆ ಅನಿವಾರ್ಯವೆಂದು ಸುಪ್ರೀಂ ಕೋರ್ಟು 2013ರ ಅಕ್ಟೋಬರ್ 8ರಂದು ಹೇಳಿತು. ಮತದಾರನ ಕಣ್ಣೆದುರು 7 ಸೆಕೆಂಡು ನಿಂತು ಪೆಟ್ಟಿಗೆಗೆ ಬೀಳುವ ಆ ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಕೋರಿಕೆಯನ್ನು ಅದೇ ನ್ಯಾಯಾಲಯ ತಿರಸ್ಕರಿಸಿದ್ದು 2024ರ ಏಪ್ರಿಲ್ 26ರಂದು, ಆನೇಕಲ್ಲಿನವರು ಸಾಲಿನಲ್ಲಿ ನಿಂತಿದ್ದ ದಿನವೇ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆಗಳ ಚೀಟಿ ಎಣಿಸುವ ಪದ್ಧತಿ ಉಳಿಯಿತು. ಎರಡನೆಯ, ಮೂರನೆಯ ಸ್ಥಾನದ ಅಭ್ಯರ್ಥಿಗಳು ಬಯಸಿದರೆ ಶೇ. 5ರಷ್ಟು ಯಂತ್ರಗಳನ್ನು ಪರೀಕ್ಷಿಸಲು ಹೊಸ ದಾರಿ ತೆರೆಯಿತು. ಎಲ್ಲವನ್ನೂ ಎಣಿಸಿದ್ದರೆ ಏನು ನಷ್ಟವಾಗುತ್ತಿತ್ತು ಎಂದು ಕೇಳುವವರ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ.

ಜರ್ಮನಿಯ ಸಂವಿಧಾನ ನ್ಯಾಯಾಲಯವು 2009ರ ಮಾರ್ಚ್ 3ರಂದು ಅಲ್ಲಿಯ ಮತಯಂತ್ರಗಳನ್ನು ಅಸಾಂವಿಧಾನಿಕವೆಂದು ಸಾರಿದ್ದು ಯಾರೋ ಮೋಸ ಮಾಡಿದರೆಂಬ ಕಾರಣಕ್ಕಲ್ಲ. ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಯು ಚುನಾವಣೆಯ ಮುಖ್ಯ ಹಂತಗಳನ್ನು ತಾನೇ ಪರಿಶೀಲಿಸುವಂತಿರಬೇಕು ಎಂಬುದು ಅದರ ತತ್ತ್ವ. ಈ ತತ್ತ್ವಕ್ಕಾಗಿ ಜರ್ಮನಿಯವರೆಗೆ ಹೋಗಲೂ ಬೇಕಿಲ್ಲ. ಕಾಂಚೀಪುರದ ಬಳಿಯ ಉತ್ತಿರಮೇರೂರಿನಲ್ಲಿ ಒಂದನೆಯ ಪರಾಂತಕ ಚೋಳನ ಕಾಲದ, ಕ್ರಿ.ಶ. 920ರ ಆಸುಪಾಸಿನ ಶಾಸನಗಳಿವೆ. ಬ್ರಾಹ್ಮಣ ಸಭೆಯ ಸಮಿತಿಗಳಿಗೆ ಸದಸ್ಯರನ್ನು ಓಲೆಯ ಚೀಟಿ ಎತ್ತಿ ಆರಿಸುತ್ತಿದ್ದ ಬಗೆಯನ್ನು ಅವು ವಿವರಿಸುತ್ತವೆ. ಹಿರಿಯನೊಬ್ಬ ಕೊಡವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗೇನಿದೆಯೆಂದು ಅರಿಯದ ಬಾಲಕ ಚೀಟಿ ತೆಗೆಯಬೇಕು. ಮಧ್ಯಸ್ಥನು ಐದೂ ಬೆರಳು ಬಿಡಿಸಿದ ಅಂಗೈಯಲ್ಲಿ ಅದನ್ನು ಪಡೆದು ಗಟ್ಟಿಯಾಗಿ ಓದಬೇಕು. ಅಲ್ಲಿದ್ದ ಪೂಜಾರಿಗಳೆಲ್ಲರೂ ಮತ್ತೊಮ್ಮೆ ಓದಬೇಕು. ಆ ಸಭೆಯಲ್ಲಿ ಊರಿನ ಬಹುಪಾಲು ಜನರಿಗೆ ಜಾಗವೇ ಇರಲಿಲ್ಲ, ಆದ್ದರಿಂದ ಅದನ್ನು ಪ್ರಜಾಪ್ರಭುತ್ವವೆಂದು ಬೀಗುವುದು ಬೇಡ. ಆದರೆ ಬಿಡಿಸಿದ ಐದು ಬೆರಳಿನ ಅರ್ಥ ಯಾರಿಗೂ ಮಸುಕಾಗದು. ಕೈಚಳಕಕ್ಕೆ ಎಡೆಯಿಲ್ಲವೆಂದು ನೋಡುವವರ ಕಣ್ಣಿಗೇ ತೋರಿಸುವ ಉಪಾಯ ಅದು.

ಇಷ್ಟೆಲ್ಲ ಭದ್ರತೆ ಇರುವುದು ಮತಗಟ್ಟೆಯ ಬಾಗಿಲ ಒಳಗೆ. ಗಡಿನಾಡಿನ ಕನ್ನಡಿಗರ ಸಂಕಟ ಹೆಚ್ಚಾಗಿ ಬಾಗಿಲ ಹೊರಗಿನದು: ಪಟ್ಟಿಯಲ್ಲಿ ಹೆಸರು ಇದೆಯೇ, ಇದ್ದರೆ ಅದು ತಮ್ಮದೇ ಹೆಸರೇ? ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಅದು ಆ ಭಾಷೆಯ ಜಾಯಮಾನ, ಯಾರ ತಪ್ಪೂ ಅಲ್ಲ. ಆದರೆ ತಳಿಯ ಕಡೆಯ ಗೌರಮ್ಮನ ಹೆಸರು ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಕೌರಮ್ಮನಾಗಬಹುದು. ಬಸಪ್ಪ ಪಸಪ್ಪನಾಗಬಹುದು, ಬೀರಪ್ಪ ಪೀರಪ್ಪನಾಗಬಹುದು. ಹೆಸರು ಕೂಗುವ ಗುಮಾಸ್ತ ಊರಿನವನಾಗಿದ್ದರೆ ನಕ್ಕು ಮುಂದೆ ಕಳಿಸುತ್ತಾನೆ. ಹೆಸರನ್ನು ಹೆಸರಿಗೆ ಹೊಂದಿಸುವ ಯಂತ್ರ ನಗುವುದಿಲ್ಲ. ಆಧಾರ್‌ನಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮತ್ತೊಂದು ರೂಪದಲ್ಲಿರುವ ಹೆಸರಿನವರನ್ನು ಅದು ಮೂವರೆಂದು ಬಗೆದರೆ ಆಶ್ಚರ್ಯವಿಲ್ಲ. ಆ ತಪ್ಪನ್ನೇ ಅಳಿಸಲಾಗದ ಸರಪಳಿಗೆ ಏರಿಸಿದರೆ ತಿದ್ದಿಸಿಕೊಳ್ಳಲು ಯಾರ ಬಾಗಿಲಿಗೆ ಹೋಗಬೇಕು?

ತಮಿಳುನಾಡಿನಲ್ಲಿ 2025ರ ನವೆಂಬರ್‌ನಲ್ಲಿ ಆರಂಭವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಈ ಮಾತಿಗೆ ತೂಕ ಕೊಟ್ಟಿದೆ. ಡಿಸೆಂಬರ್ 19ರಂದು ಪ್ರಕಟವಾದ ಕರಡು ಪಟ್ಟಿಯಲ್ಲಿ ರಾಜ್ಯದಾದ್ಯಂತ 97 ಲಕ್ಷಕ್ಕೂ ಹೆಚ್ಚು ಹೆಸರುಗಳು ಇರಲಿಲ್ಲ. ಸತ್ತವರು, ಎರಡು ಕಡೆ ಹೆಸರಿದ್ದವರು ಹೋದದ್ದು ಸರಿಯೇ. ಬಹುಪಾಲು ಹೆಸರುಗಳಿಗೆ ಕೊಟ್ಟ ಕಾರಣ ಮಾತ್ರ ‘ಊರು ಬಿಟ್ಟವರು’ ಎಂಬುದು. ಬೆಂಗಳೂರಿಗೆ ದುಡಿಯಲು ಹೋಗಿ ಹಬ್ಬಕ್ಕೆ ಮರಳುವವರಿರುವ ಈ ಸೀಮೆಯಲ್ಲಿ ಊರು ಬಿಡುವುದಕ್ಕೂ ಊರಲ್ಲಿ ಇರುವುದಕ್ಕೂ ನಡುವಿನ ಗೆರೆ ಅಷ್ಟು ಸ್ಪಷ್ಟವಲ್ಲ. ಎರಡು ದಶಕಗಳ ಹಿಂದಿನ ಪಟ್ಟಿಯಲ್ಲಿ ತಮ್ಮ ಅಥವಾ ಹೆತ್ತವರ ಹೆಸರು ಹುಡುಕಬೇಕಾಗಿ ಬಂದವರಿಗೆ, 2004ರವರೆಗೆ ಕೃಷ್ಣಗಿರಿಯೆಂಬ ಜಿಲ್ಲೆಯೇ ಇರದೆ ಎಲ್ಲವೂ ಧರ್ಮಪುರಿಯಲ್ಲಿತ್ತೆಂಬುದನ್ನು ನೆನಪಿಸಿಕೊಳ್ಳುವುದೂ ಒಂದು ಕೆಲಸವಾಯಿತು.

ಹಾಗಾದರೆ ಸರಪಳಿಗೆ ಚುನಾವಣೆಯಲ್ಲಿ ಜಾಗವೇ ಇಲ್ಲವೆ? ಇದೆ, ಗುಟ್ಟಾಗಿರಬೇಕಾದ ಮತದಲ್ಲಿ ಅಲ್ಲ, ಬಯಲಲ್ಲಿರಬೇಕಾದ ಕಾಗದಗಳಲ್ಲಿ. 2024ರ ಚುನಾವಣೆಯ ನಡುವೆ ಪ್ರತಿ ಮತಗಟ್ಟೆಯ 17ಸಿ ಅಂಕಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂಬ ಬೇಡಿಕೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮತದಾನ ನಡೆಯುತ್ತಿರುವಾಗ ನಿರ್ದೇಶನ ನೀಡಲು ನ್ಯಾಯಾಲಯ ಮೇ 24ರಂದು ಒಪ್ಪಲಿಲ್ಲ. ಆ ಹಾಳೆಗಳನ್ನು ಅದೇ ರಾತ್ರಿ ಯಾರೂ ತಿದ್ದಲಾಗದ ಪುಸ್ತಕಕ್ಕೆ ಏರಿಸಿದರೆ ಯಾರ ಗುಟ್ಟೂ ಬಯಲಾಗದು. ಮತದಾರರ ಪಟ್ಟಿಯಿಂದ ಯಾವ ಹೆಸರು, ಯಾವ ದಿನ, ಯಾರ ಅರ್ಜಿಯ ಮೇಲೆ, ಯಾವ ಅಧಿಕಾರಿಯ ಆದೇಶದಿಂದ ಹೋಯಿತು ಎಂಬ ಜಾಡನ್ನೂ ಹಾಗೆಯೇ ಕಾಯಬಹುದು. ಅಳಿಸಿದ ಕೈಯ ಗುರುತನ್ನು ಅಳಿಸಲಾಗದಂತೆ ಮಾಡುವುದು ಸರಪಳಿಗೆ ತಕ್ಕ ಕೆಲಸ. ಅಂಥ ಯೋಜನೆಗೆ ಮತ ಹಾಕುವ ಆ್ಯಪಿನ ಮೆರುಗಿಲ್ಲ, ಆದ್ದರಿಂದ ಅದರ ಮಾತೆತ್ತುವವರೂ ಕಡಿಮೆ.

ಅಲ್ಲಿಯವರೆಗೆ ಹಳೆಯ ದಾರಿಯೇ ಗತಿ. ಪಟ್ಟಿಗೆ ಹೊಸದಾಗಿ ಸೇರಲು ನಮೂನೆ 6, ಬೇರೆಯವರ ಹೆಸರಿನ ಬಗ್ಗೆ ಆಕ್ಷೇಪಿಸಲು 7, ಹೆಸರು, ವಿಳಾಸ ತಿದ್ದಿಸಲು 8. ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿ ಹೋಗುವವರು ಗುರುತುಚೀಟಿಯ ತಮಿಳು ಸಾಲನ್ನೂ ಇಂಗ್ಲಿಷ್ ಸಾಲನ್ನೂ ಒಟ್ಟಿಗೆ ಓದಿಸಿಕೊಂಡು, ಎರಡರಲ್ಲೂ ಗೌರಮ್ಮ ಗೌರಮ್ಮನಾಗಿಯೇ ಇದ್ದಾಳೆಯೇ ಎಂದು ನೋಡಿಕೊಳ್ಳುವುದು ಒಳಿತು. ಅರ್ಜಿ ಕೊಟ್ಟ ರಸೀತಿಯನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರಬೇಕು.